ಒಂಬತ್ತನೆಯ ಚುಕ್ಕಿ

ತಾರೀಖು ಹದಿನೇಳು, ಗುರುವಾರ
ಮಧ್ಯಾಹ್ನ ಎರಡು ಗಂಟೆ

ರೀ,

ಈ ಒಂದಕ್ಷರ ಬರೆಯುವುದಕ್ಕೆ ಬೆಳಿಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ. 'ಶ್ರೀಯುತರಿಗೆ' ಎಂದು ಬರೆದರೆ ನಗರಸಭೆಗೆ ಅರ್ಜಿ ಗೀಚಿದ ಹಾಗೆ ಕಂಡಿತು. 'ಪ್ರೀತಿಯ' ಎನ್ನುವ ಯೋಗ್ಯತೆಯನ್ನು ನಾನೇ ಕಳೆದುಕೊಂಡಿದ್ದೇನೆ. ಕೊನೆಗೆ, ಅಡುಗೆಮನೆಯ ಕಿಟಕಿಯಿಂದ ನಿಮ್ಮ ಗಾಡಿ ರಿಪೇರಿ ಶೆಡ್ಡಿಗೆ ಕೇಳುವಂತೆ ಕೂಗುತ್ತಿದ್ದ ಕರೆಯೊಂದೇ ಉಳಿಯಿತು.

ವಿಳಾಸ ಕೊಟ್ಟವಳು ನಿಮ್ಮ ತಂಗಿ. ಹತ್ತು ವರ್ಷ ಸುದ್ದಿಯಿಲ್ಲದ ಅತ್ತಿಗೆ ಇದ್ದಕ್ಕಿದ್ದಂತೆ ಫೋನ್ ಮಾಡಿದರೆ ಅವಳು ನಾಲ್ಕು ಮಾತು ಬೈಯಬೇಕಿತ್ತು. ಬೈಯಲಿಲ್ಲ. ಊರು, ಬೀದಿ, ನೀವು ಕೆಲಸಕ್ಕಿರುವ ಪಂಪ್ ರಿಪೇರಿ ಅಂಗಡಿ, ಅದರ ಹಿಂದಿನ ಕೋಣೆ, ಎಲ್ಲವನ್ನೂ ನಿಧಾನವಾಗಿ ಬರೆಸಿ, "ಬರೆಯೋದಾದ್ರೆ ಈಗಲೇ ಬರೀರಿ ಅತ್ತಿಗೆ, ಆಮೇಲೆ ಅಂತ ಇಟ್ಕೋಬೇಡಿ" ಎಂದಳು. ಯಾಕೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ನನ್ನ ದನಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಸಹಿಸಲಾಗಲಿಲ್ಲವೇನೋ ಎಂದುಕೊಂಡೆ.

ಅರ್ಧ ಓದಿದ ಪುಸ್ತಕವನ್ನು ನಮ್ಮ ಪುಸ್ತಕಾಲಯಕ್ಕೆ ವಾಪಸು ತಂದವರನ್ನು ನಾನು ಯಾವ ಕಣ್ಣಿನಿಂದ ನೋಡುತ್ತಿದ್ದೆ ಎಂದು ನಿಮಗೆ ಗೊತ್ತು. ದಯವಿಟ್ಟು ಇದನ್ನು ಕೊನೆಯವರೆಗೆ ಓದಿ.

ವಿಷಯ ವ್ಯಾನಿನ ಸ್ಪ್ರಿಂಗು. ನಾನು, ಈ ವಯಸ್ಸಿನಲ್ಲಿ, ಗುಜರಿ ಸಾಲಿಗೆ ಹೋಗಿ ಹಳೇ ಸ್ಪ್ರಿಂಗು ಹುಡುಕಿದೆ. ನಗು ಬಂದರೆ ನಕ್ಕುಬಿಡಿ. ಮುಂದೆ ನಗಲು ಏನೂ ಇಲ್ಲ.

ನಮ್ಮ ಮಗಳು, ನಮ್ಮ ಅಳಿಲು, ಹೋದ ದಿನ ಸಂಚಾರಿ ಪುಸ್ತಕಾಲಯ ನಿಂತಿತು. ಏಳು ವರ್ಷ ಪುಸ್ತಕಗಳು ಹಿಂದಿನ ಕೋಣೆಯಲ್ಲಿ ಗೋಣಿಯ ಕೆಳಗಿದ್ದವು. ನಾಲ್ಕು ವರ್ಷದ ಹಿಂದೆ ಓದುಗರ ಸಂಘದವರು ಎಲ್ಲಿಂದಲೋ ಒಂದು ಹಳೇ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಬಣ್ಣ ಬೇರೆ, ಗಾಡಿ ಮಾತ್ರ ನಮ್ಮದರ ಒಡಹುಟ್ಟಿದವಳೇ: ಅದೇ ಗುಂಡು ದೀಪ, ಅದೇ ಜಾರುವ ಬಾಗಿಲು, ಮೂರನೇ ಗೇರಿಗೆ ಅದೇ ನರಳಾಟ. ಬೇಡ ಎನ್ನಲು ಬಾಯಿ ತೆರೆದೆ. ಆಗಲೇ ಪಕ್ಕದ ಬೀದಿಯ ಮೂರು ಮಕ್ಕಳು ಒಳಗೆ ಹತ್ತಿ ಕೂತು, "ಅಜ್ಜಿ, ಪುಸ್ತಕ ಯಾವಾಗ ಬರ್ತವೆ?" ಎಂದವು. ಅಜ್ಜಿಯಂತೆ. ಅಂದು ನನಗೆ ಐವತ್ತೆರಡು.

ಡ್ರೈವರಿಗೆ ಎಲ್ಲರೂ ಗಡಿಯಾರ ಎನ್ನುತ್ತಾರೆ, ಎಂದೂ ಹೊತ್ತಿಗೆ ಸರಿಯಾಗಿ ಬಾರದವನಾದ್ದರಿಂದ. ಕಳೆದ ತಿಂಗಳು ಅವನು, "ಅಮ್ಮಾ, ಗಾಡಿ ಎಡಕ್ಕೆ ವಾಲ್ತಿದೆ. ಹಿಂದಿನ ಬ್ಲೇಡು ಹೋಗಿದಾವೆ" ಎಂದ. ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳಿಗೆ ಅವನೂ ನಿಮ್ಮ ಹಾಗೆ ಬ್ಲೇಡು ಎನ್ನುತ್ತಾನೆ. ಎಡಕ್ಕೆ ಎಂಬ ಮಾತು ಕೇಳಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಂಡಿನೋವು ಎಂದೆ.

ಹೊಸ ಸ್ಪ್ರಿಂಗು ಸಿಗುವುದಿಲ್ಲ. ಕಂಪನಿ ಆ ಗಾಡಿ ಮಾಡುವುದನ್ನು ಬಿಟ್ಟು ಹದಿನೈದು ವರ್ಷವಾಯಿತು. ಗಾಡಿ ಮಾರುವಾಗ ಜೀವಮಾನದ ಸಂಗಾತಿ ಎಂದು ಜಾಹೀರಾತು ಕೊಟ್ಟವರು ಇವರೇ. ನನ್ನ ಹತ್ತಿರ ಆ ಕತ್ತರಿಕೆ ಇನ್ನೂ ಇದೆ. ಅವರಿಗೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ರಸ್ತೆ ಸರಿಯಿದ್ದರೆ ಸ್ಪ್ರಿಂಗು ಸವೆಯುತ್ತಲೇ ಇರಲಿಲ್ಲ. ಮಾರುಕಟ್ಟೆ ತಿರುವಿನ ಗುಂಡಿ ಮುಚ್ಚುತ್ತೇವೆಂದು ನಗರಸಭೆಯವರು ಮಾತು ಕೊಟ್ಟದ್ದು ಆರು ಸಲ. ಆರೂ ತಾರೀಖು ನನಗೆ ಬಾಯಿಪಾಠ. ನೀವು ಹೇಳುತ್ತಿದ್ದಿರಲ್ಲ, "ನಗರಸಭೇಲಿ ಕಡತ ಕಳೆದುಹೋದ್ರೆ ನಿನ್ನನ್ನೇ ಬಂದು ಕೇಳ್ತಾರೆ" ಎಂದು. ನನ್ನ ನೆನಪು ಹಾಗೆಯೇ ಇದೆ. ಆ ನೆನಪಿನಲ್ಲಿ ಒಂದು ಪುಟವನ್ನು ಮಾತ್ರ ನಾನೇ ಅಂಟಿಸಿ ಇಟ್ಟಿದ್ದೆ. ಅದಕ್ಕೆ ಬರುತ್ತೇನೆ.

ಅಂತೂ ಮೊನ್ನೆ ಗಡಿಯಾರನ ಜೊತೆ ಗುಜರಿ ಸಾಲಿಗೆ ಹೋದೆ. ಆ ಸಾಲಿನಲ್ಲಿ ನನಗೆ ಯಾವ ಸ್ವಾಗತ ಕಾದಿರುತ್ತದೆಂದು ನೀವು ಊಹಿಸಬಲ್ಲಿರಿ. ಅಪಘಾತವಾದ ವರ್ಷ 'ಹಳೇ ಬಿಡಿಭಾಗವೆಂಬ ಸಾವಿನ ವ್ಯಾಪಾರ' ಎಂದು ಪತ್ರಿಕೆಗೆ ಹದಿನೇಳು ಪತ್ರ ಬರೆದವಳು ನಾನು. ಆ ಪತ್ರಗಳಿಂದ ಅವರ ಅಂಗಡಿಗಳಿಗೆ ಎರಡು ತಿಂಗಳು ಬೀಗ ಬಿತ್ತು. ಎರಡು ಅಂಗಡಿ ಮತ್ತೆ ತೆರೆಯಲೇ ಇಲ್ಲ.

ಮೊದಲ ಅಂಗಡಿಯವನು ಟೀ ಲೋಟ ಕೆಳಗಿಟ್ಟು, "ಓಹೋ, ಅರ್ಜಿ ಅಮ್ಮ! ಏನು, ಅರ್ಜಿ ಕೊಡೋಕೆ ಬಂದ್ರೋ, ಬ್ಲೇಡು ಕೊಳ್ಳೋಕೆ ಬಂದ್ರೋ?" ಎಂದ. ಪಕ್ಕದವನು, "ಸಾವಿನ ವ್ಯಾಪಾರ ಕಣಮ್ಮಾ ನಮ್ದು. ಸ್ವಲ್ಪ ದೂರ ನಿಂತ್ಕೊಳ್ಳಿ, ತಗುಲೀತು" ಎಂದ. ಸಾಲಿಗೆ ಸಾಲೇ ನಕ್ಕಿತು. ಗಡಿಯಾರ ಸಿಟ್ಟಾದ. ನಾನು ಆಗಲಿಲ್ಲ. ಹನ್ನೊಂದು ವರ್ಷ ಕಾದು ಆಡಿದ ಮಾತು ಅದು, ಆಡಲಿ ಎಂದುಕೊಂಡೆ.

ಮೊದಲ ಅಂಗಡಿಯವನು ತೋರಿಸಿದ ಜೋಡಿಗೆ ಮಿರಮಿರ ಮಿಂಚುವ ಕಪ್ಪು ಬಣ್ಣ. ನೀವು ಕಿವಿಯ ಹತ್ತಿರ ಬಂದು ಹೇಳಿದ ಹಾಗಾಯಿತು: "ಬಣ್ಣ ಬಳಿದ ಹಳೇ ಪಟ್ಟಿ ನಂಬಬೇಡ. ತುಕ್ಕು ಸುಳ್ಳು ಹೇಳಲ್ಲ, ಬಣ್ಣ ಹೇಳುತ್ತೆ." ಉಗುರಿನಿಂದ ಕೆರೆದೆ. ಕೆಳಗೆ ಬೆಸುಗೆಯ ಗಂಟು ಸಿಕ್ಕಿತು. ಅಂಗಡಿಯವನ ನಗು ಅರ್ಧಕ್ಕೆ ನಿಂತಿತು. ಎರಡನೆಯವನು ಒಂದೇ ಒಂದು ಕಟ್ಟು ತಂದು, "ವಾಲಿರೋದು ಒಂದ್ಕಡೆ ತಾನೆ? ಒಂದ್ಕಡೆಗೆ ಹಾಕ್ಸಿ, ಸಾಕು" ಎಂದ. ಆಗ ನಿಮ್ಮ ಪಾಠ ನನ್ನ ಬಾಯಿಂದ ತಾನಾಗಿ ಹೊರಟಿತು. ಒಂದು ಕಡೆ ಗಟ್ಟಿ, ಒಂದು ಕಡೆ ಸೋತದ್ದು ಹಾಕಿದರೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ನೆಟ್ಟಗೆ ಓಡುವುದಿಲ್ಲ. ಜೋಡಿ ಒಂದೇ ಗಾಡಿಯದಾಗಿರಬೇಕು, ಒಂದೇ ದಾರಿ ಸವೆಸಿರಬೇಕು. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನೆಲದ ಮೇಲಿಟ್ಟರೆ ಕಮಾನು ಕಮಾನಿಗೆ ಸರಿಹೊಂದಬೇಕು. ಪಾನಾದಿಂದ ತಟ್ಟಿದರೆ ಗಂಟೆಯಂತೆ ದನಿ ಬರಬೇಕು, ಮಡಕೆಯಂತೆ ಅಲ್ಲ. ಅಂಗಡಿಯವನು ಗಡಿಯಾರನ ಕಡೆ ತಿರುಗಿ, "ಇವ್ರು ಮೇಸ್ತ್ರಿ ಹೆಂಡ್ತಿ ಅಲ್ವಾ? ಅದಕ್ಕೇ" ಎಂದ. ಆ ಸಾಲಿನಲ್ಲಿ ಯಾರ ಬಾಯಲ್ಲೂ ನಿಮ್ಮ ಬಗ್ಗೆ ಕೆಟ್ಟ ಮಾತಿಲ್ಲ. ಅವರ ಬೈಗುಳವೆಲ್ಲ ನನಗೊಬ್ಬಳಿಗೇ ಮೀಸಲು. ಆಗ ಅದು ಅನ್ಯಾಯ ಅನಿಸಿತ್ತು.

ಕೊನೆಯ ಅಂಗಡಿ ತಕ್ಕಡಿಯಣ್ಣನದು. ಅವನು ಕಣ್ಣಿನ ಆಪರೇಷನ್‌ಗೆ ಹೋಗಿದ್ದ. ಹೆಂಡತಿ ಕೂತಿದ್ದಳು. ಅವಳಿಗೆ ನನ್ನ ಗುರುತಿಲ್ಲ. ಗಾಡಿಯ ಹೆಸರು ಹೇಳಿದೊಡನೆ ಎದ್ದು, "ಬನ್ನಿ ಅಕ್ಕಾ, ಒಳಗೆ ಒಂದು ಜೋಡಿ ಇದೆ. ಇವ್ರು ಯಾಕೋ ಯಾರಿಗೂ ತೋರ್ಸಲ್ಲ. ಜಾಗ ತಿಂತಾ ಬಿದ್ದಿದೆ" ಎಂದು, ಎಂಜಿನ್ನುಗಳ ಹಿಂದೆ ಗೋಣಿ ಸುತ್ತಿ ಇಟ್ಟಿದ್ದ ಎರಡು ಕಟ್ಟನ್ನು ಗಡಿಯಾರನ ಕೈಯಲ್ಲಿ ಎಳೆಸಿದಳು.

ಬಣ್ಣವಿರಲಿಲ್ಲ. ತುಕ್ಕೂ ಇರಲಿಲ್ಲ. ಯಾರೋ ಎಣ್ಣೆ ಸವರಿದ್ದರು. ಪರವಾಗಿಲ್ಲ, ಒಬ್ಬನಾದರೂ ಮಾಲನ್ನು ಚೆನ್ನಾಗಿ ಇಟ್ಟಿದ್ದಾನೆ ಎಂದುಕೊಂಡೆ. ಏಳು ಪಟ್ಟಿ ಒಂದರಲ್ಲಿ, ಏಳು ಇನ್ನೊಂದರಲ್ಲಿ. ಬೆನ್ನಿಗೆ ಬೆನ್ನು ಇಟ್ಟೆವು, ಕೂದಲೆಳೆ ಜಾಗವಿಲ್ಲದಂತೆ ಕೂಡಿದವು. ತಟ್ಟಿದೆ, ಎರಡಕ್ಕೂ ಒಂದೇ ದನಿ. ನಡುವಿನ ಬೋಲ್ಟಿನ ಸುತ್ತ, ಬಿರುಕು ಹುಟ್ಟುವ ಜಾಗದಲ್ಲಿ, ಉಗುರು ಆಡಿಸಿದೆ. ನುಣುಪು. ಇಂಥ ಜೋಡಿಗೆ ನೀವು ನಾಲ್ಕು ಭಾನುವಾರ ಅಲೆದಿದ್ದಿರಿ, ಅಳಿಲನ್ನು ಹಿಂದೆ ಕೂರಿಸಿಕೊಂಡು, ಎಂದು ನೆನಪಾಯಿತು. ಆ ನೆನಪಿನಲ್ಲೇ ಕೈ ಪಟ್ಟಿಗಳನ್ನು ಹಿಡಿದಿಡುವ ಕಬ್ಬಿಣದ ಕ್ಲಿಪ್ಪಿನ ಮೇಲೆ ಹೋಯಿತು.

ಚುಕ್ಕಿಗಳು.

ನೀವು ಜೋಡಿಸಿದ ಪ್ರತಿಯೊಂದಕ್ಕೂ ಪಂಚಿನಿಂದ ಚುಕ್ಕಿ ಹಾಕುತ್ತಿದ್ದಿರಿ, ಎಷ್ಟನೇ ತಿಂಗಳೋ ಅಷ್ಟು. ಸ್ಪ್ರಿಂಗಿನ ಪಟ್ಟಿಗೆ ಪೆಟ್ಟು ಕೊಟ್ಟರೆ ಅಲ್ಲಿಂದಲೇ ಸೀಳುತ್ತದೆಂದು ಕ್ಲಿಪ್ಪಿನ ಮೇಲೆ. ಬೇರೆ ಯಾವ ಮೇಸ್ತ್ರಿಯೂ ಆ ಕೆಲಸಕ್ಕೆ ಹೋಗುವುದಿಲ್ಲ. ಎಣಿಸಿದೆ. ಎಂಟು ಚುಕ್ಕಿ, ನೂಲು ಹಿಡಿದ ಹಾಗೆ ಸಾಲಾಗಿ. ಒಂಬತ್ತನೆಯದು ಸಾಲು ಬಿಟ್ಟು ಕೆಳಗೆ ಜಾರಿತ್ತು, ಬಾಲದ ಗೀರಿನೊಂದಿಗೆ.

ಅದು ಅಳಿಲಿನದು. ಹನ್ನೆರಡು ವರ್ಷದ ಕೈ. "ಅಪ್ಪಾ, ಕೊನೇದು ನಂದು" ಎಂದು ಸುತ್ತಿಗೆ ಕಿತ್ತುಕೊಂಡು ಹೊಡೆದಳು. ಪಂಚು ಜಾರಿತು. "ಹಾಳಾಯ್ತಾ?" ಎಂದು ಮುಖ ಸಪ್ಪಗೆ ಮಾಡಿದಳು. ನೀವು ಕನ್ನಡಕ ಏರಿಸಿ ನೋಡಿ, "ಇಲ್ಲಮ್ಮಾ, ಈಗ ಇದನ್ನ ಯಾರೂ ಕದಿಯೋಕಾಗಲ್ಲ. ಲೋಕದಲ್ಲಿ ಇಂಥಾದ್ದು ಇದೊಂದೇ" ಎಂದಿರಿ. ನಾನು ಬಾಗಿಲಲ್ಲಿ ಬಟ್ಟೆ ಒಣಹಾಕುತ್ತಾ ನಿಂತಿದ್ದೆ.

ಗುಜರಿ ಅಂಗಡಿಯ ನೆಲದ ಮೇಲೆ ಕೂತೆ. ತಕ್ಕಡಿಯಣ್ಣನ ಹೆಂಡತಿ ನೀರು ತಂದಳು. ಮೊದಲು ಬರೀ ಅಳು. ಆಮೇಲೆ ಎರಡು ಕಟ್ಟನ್ನೂ ಮತ್ತೊಮ್ಮೆ ನೋಡಿದೆ. ಎರಡೂ ಪೂರ್ತಿಯಾಗಿದ್ದವು, ರೀ. ಎರಡರಲ್ಲೂ ಮೇಲಿನ ದೊಡ್ಡ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಅಖಂಡ. ಬದಲಿಸಿದ್ದರೆ ಕ್ಲಿಪ್ಪು ಬಿಡಿಸಬೇಕಿತ್ತು, ಬಿಡಿಸಿದ ಗುರುತಿಲ್ಲ. ತುಂಡಾಯಿತೆಂದು ನೀವು ಹೇಳಿದ ಎಡಗಡೆಯ ಬ್ಲೇಡು ಎಂದೂ ತುಂಡಾಗಿರಲೇ ಇಲ್ಲ.

ವಿಚಾರಣೆಯ ಕೋಣೆ ನಿಮಗೆ ನೆನಪಿರಲೇಬೇಕು. ತಿರುಗದ ಫ್ಯಾನು, ಕಡತಗಳ ಮೇಲೆ ಅಧಿಕಾರಿಯ ಊಟದ ಡಬ್ಬಿ, ಕಾಲು ಕುಂಟುವ ಬೆಂಚು. ನಿಮ್ಮ ಬಲಗೈ ಕಟ್ಟಿನಲ್ಲಿ ಕುತ್ತಿಗೆಗೆ ತೂಗಿತ್ತು. ಅಳಿಲು ಹೋಗಿ ಹನ್ನೆರಡನೆಯ ದಿನ. "ಗಾಡಿಯಲ್ಲಿ ಭಾರ ಎಷ್ಟಿತ್ತು?" ಎಂದು ಅವನು ಕೇಳಿದ. ನಾನು ಕೈಚೀಲದಿಂದ ಪುಸ್ತಕದ ಪೆಟ್ಟಿಗೆಗಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಮೂವತ್ತೆರಡು ಪೆಟ್ಟಿಗೆ, ಒಂದೊಂದರಲ್ಲೂ ಯಾವ ಯಾವ ಪುಸ್ತಕ, ಅಚ್ಚುಕಟ್ಟಾಗಿ. ನೀವು ಬಗ್ಗಿ ಆ ಹಾಳೆಯನ್ನು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಆಮೇಲೆ ತಲೆಯೆತ್ತದೆ, "ಭಾರದ್ದಲ್ಲ ಸ್ವಾಮಿ. ಎಡಗಡೆ ದೊಡ್ಡ ಬ್ಲೇಡು ಕಟ್ಟಾಯ್ತು. ಹಳೇದು, ನಾನೇ ಹಾಕಿದ್ದು" ಎಂದಿರಿ. ಅವನು ಬರೆದುಕೊಂಡ. ಠಾಣೆಯ ಅಂಗಳದಲ್ಲಿ ಗಾಡಿ ನಿಂತಿತ್ತು, ಐವತ್ತು ಹೆಜ್ಜೆ. ಬಗ್ಗಿ ನೋಡಲಿಲ್ಲ. ಊಟದ ಹೊತ್ತಾಗಿತ್ತು. ಒಂದು ಮಗುವಿನ ಸಾವಿನ ಕಾರಣವನ್ನು ಸರ್ಕಾರ ಐವತ್ತು ಹೆಜ್ಜೆ ನಡೆಯದೆ ಬರೆದು ಮುಗಿಸಿತು. ಇದರ ಮೇಲೆ ಹದಿನೆಂಟನೆಯ ಪತ್ರ ಬರೆಯಬೇಕಿತ್ತು. ಬರೆಯಲಿಲ್ಲ, ಏಕೆಂದರೆ ಆ ಕಾರಣ ನನಗೆ ಅನುಕೂಲವಾಗಿತ್ತು.

ಈಗ ಅಂಟಿಸಿದ ಪುಟ ಬಿಡಿಸುತ್ತೇನೆ.

ಆ ಪಟ್ಟಿ ಬರೆದದ್ದು ಹಿಂದಿನ ದಿನ ಸಂಜೆ. ಎಡಗಡೆ ಮೇಲಿನ ಹಲಗೆಯಿಂದ ನೀವು ಆರು ಪೆಟ್ಟಿಗೆ ಇಳಿಸಿ ಜಗುಲಿಯಲ್ಲಿಟ್ಟ ಮೇಲೆ. "ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎಡಬಲ ಸಮ. ಈ ಆರು ಮುಂದಿನ ವಾರ" ಎಂದಿದ್ದಿರಿ. ಆ ಆರರಲ್ಲಿದ್ದದ್ದು ನಿವೃತ್ತ ಡಾಕ್ಟರು ದಾನ ಕೊಟ್ಟ ವಿಶ್ವಕೋಶದ ಸಂಪುಟಗಳು. ಮಾರನೆಯ ದಿನ ಗಾಡಿ ಹೋಗಬೇಕಿದ್ದದ್ದು ಅವರ ಬಡಾವಣೆಗೇ. ನಿಮ್ಮ ಪುಸ್ತಕ ನಾಳೆ ಜನರ ಕಣ್ಣಿಗೆ ಬೀಳುತ್ತದೆ ಎಂದು ನಾನು ಅವರಿಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತಿಗೆ ತಪ್ಪದವಳು ನಾನು. ನಗರಸಭೆಯ ಹಾಗಲ್ಲ.

ಬೆಳಿಗ್ಗೆ ನೀವು ಚಕ್ರಕ್ಕೆ ಗಾಳಿ ತುಂಬಿಸುವ ಪಂಪು ತರಲು ಎದುರು ಮನೆಗೆ ಹೋದಿರಿ. ಆ ಹೊತ್ತಿನಲ್ಲಿ ಆರನ್ನೂ ಮತ್ತೆ ಏರಿಸಿದೆ. ಅದೇ ಹಲಗೆಗೆ, ಅದೇ ಎಡಕ್ಕೆ, ಬೇರೆಲ್ಲೂ ಜಾಗವಿರಲಿಲ್ಲ. ಅಳಿಲು ಕೆಳಗಿನಿಂದ ಎತ್ತಿಕೊಡುತ್ತಾ ನಗುತ್ತಿದ್ದಳು. "ಅಪ್ಪ ಇಳಿಸಿದ್ದನ್ನ ಅಮ್ಮ ಏರಿಸ್ತಾರೆ. ನೋಡ್ಕೊಳ್ಳಿ, ಜಗಳ ಆದ್ರೆ ನಾನು ಯಾರ ಪಾರ್ಟೀನೂ ಅಲ್ಲ." ಆಮೇಲೆ ಅದೇ ಹಲಗೆಯ ಕೆಳಗಿನ ಸೀಟಿನಲ್ಲಿ ಪುಸ್ತಕ ಹಿಡಿದು ಕೂತಳು, ಅದು ಅವಳ ಜಾಗ. ನಾನು ಹೋಗಲಿಲ್ಲ. ಬೀದಿದೀಪದ ಅರ್ಜಿ ಕೊಡಲು ನಗರಸಭೆಗೆ ಹೋಗಬೇಕಿತ್ತು.

ವಿಚಾರಣೆಗೆ ಆ ಪಟ್ಟಿ ಒಯ್ಯುವಾಗ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಟ್ಟಿ ಸುಳ್ಳಲ್ಲ, ಹಿಂದಿನ ದಿನದ್ದು ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ಎಡಕ್ಕೆ ಮಗುಚಿದಾಗ ರಸ್ತೆಯುದ್ದ ಚೆಲ್ಲಿದ ಪುಸ್ತಕಗಳನ್ನು ಯಾರು ಎಣಿಸುತ್ತಾರೆ? ಆಮೇಲೆ ನೀವು ಬ್ಲೇಡಿನ ಮಾತು ಆಡಿದಿರಿ. ಮುಳುಗುವವಳ ಕೈಗೆ ಹಲಗೆ ಸಿಕ್ಕಿತು. ಹೌದು, ಸ್ಪ್ರಿಂಗೇ, ಆರು ಪೆಟ್ಟಿಗೆ ಅಲ್ಲ. ಅಲ್ಲಿಂದ ನಾನು ಆ ಹಲಗೆ ಬಿಡಲೇ ಇಲ್ಲ. ಹದಿನೇಳು ಪತ್ರ. ಮೂರನೆಯದರಲ್ಲಿ 'ಒಬ್ಬ ಮೇಸ್ತ್ರಿಯ ಉಡಾಫೆ' ಎಂದು ಬರೆದೆ. ಹೆಸರು ಹಾಕಲಿಲ್ಲ, ಹಾಕುವ ಅಗತ್ಯವೇನಿತ್ತು? ನಿಮ್ಮ ಶೆಡ್ಡಿಗೆ ಬರುತ್ತಿದ್ದ ಗಾಡಿಗಳು ಬೀದಿ ಬದಲಿಸಿದವು. ನೀವು ಆ ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟು, "ಅಕ್ಷರ ಚೆನ್ನಾಗಿ ಮೂಡಿದೆ" ಎಂದಿರಿ. ಅದನ್ನು ಕುಹಕ ಎಂದು ತಿಳಿದು ನಾಲ್ಕು ದಿನ ಮಾತು ಬಿಟ್ಟೆ. ನೀವು ಮನೆ ಬಿಟ್ಟ ದಿನ ನಾನು ಅಂಚೆಕಚೇರಿಯಲ್ಲಿದ್ದೆ, ಹದಿನೇಳನೆಯ ಪತ್ರ ಹಾಕಲು. ಬಂದು ನೋಡಿದರೆ ಪಾನಾ ಪೆಟ್ಟಿಗೆ ಇದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದೇ ಇತ್ತು.

ನೀವು ತಪ್ಪು ಒಪ್ಪಿಕೊಂಡಿರಿ ಎಂದೇ ಈ ಹನ್ನೊಂದು ವರ್ಷ ನಂಬಿದ್ದೆ. ನೀವು ಸುಳ್ಳು ಹೇಳಿದ್ದಿರಿ ಎಂದು ಮೊನ್ನೆ ತಿಳಿಯಿತು. ಮೂವತ್ತೆರಡು ಎಂಬ ಅಂಕಿ ನೋಡಿದ ಮೇಲೆ ಹುಟ್ಟಿದ ಸುಳ್ಳು ಅದು. ತಾಯಿ ಕೈಯಾರೆ ಏರಿಸಿದ ಭಾರ ಎಂದು ಕಡತದಲ್ಲಿ ಬರೆಸುವುದಕ್ಕಿಂತ ನಿಮ್ಮ ಕಸುಬಿನ ಹೆಸರು ಹೋದರೆ ಹೋಗಲಿ ಎಂದುಕೊಂಡಿರಿ.

ಒಂದು ಮಾತು ಕೇಳುತ್ತೇನೆ. ಸಿಟ್ಟು ನನ್ನ ಹುಟ್ಟುಗುಣ, ಈ ಪತ್ರದಲ್ಲೂ ಬಿಡದು. ಆ ಬೆಳಿಗ್ಗೆ ನೀವು ಸೀಟಿನಲ್ಲಿ ಕೂತೊಡನೆ ಗಾಡಿ ಕುಗ್ಗಿದ್ದು ನಿಮಗೆ ತಿಳಿಯಿತು. ಇಳಿದು ಹಿಂದಿನ ಎಡ ಚಕ್ರ ನೋಡಿದಿರಿ. ಆಮೇಲೆ ನನ್ನನ್ನು ನೋಡಿದಿರಿ. ನಾನು "ಹೊತ್ತಾಯ್ತು, ಹೊರಡ್ರೀ" ಎಂದೆ. ನೀವು ಹೊರಟಿರಿ. ಯಾಕೆ ಇಳಿಸಲಿಲ್ಲ? ಐದು ನಿಮಿಷದ ಕೆಲಸ. ಯಾಕೆ ನನ್ನ ಮೇಲೆ ಒಮ್ಮೆ ಕಿರುಚಲಿಲ್ಲ? ಊರಿನವರಿಗೆಲ್ಲ ಯಾರಿಗೂ ಹೆದರಬೇಡಿ ಎಂದು ಬರೆಯುತ್ತಿದ್ದವಳ ಮನೆಯಲ್ಲಿ, ಆರು ಪೆಟ್ಟಿಗೆ ಇಳಿಸಲು ಗಂಡ ಹೆದರಿದ. ಉತ್ತರ ನನಗೆ ಗೊತ್ತು. ಆದರೂ ಎರಡು ದಿನದಿಂದ ಅದನ್ನೇ ಕೇಳುತ್ತಿದ್ದೇನೆ, ಗೋಡೆಗೆ.

ಕ್ಷಮಿಸಿ ಎಂದು ಬರೆಯುವುದಿಲ್ಲ. ಅದು ಸಣ್ಣ ಮಾತು. ಲಕೋಟೆಯಲ್ಲಿ ಎರಡು ಪ್ರತಿ ಇಟ್ಟಿದ್ದೇನೆ. ಒಂದು, ವಿಚಾರಣೆಯ ಕಚೇರಿಗೆ ಬರೆದದ್ದು. ಅದರಲ್ಲಿ ಪೆಟ್ಟಿಗೆ ಮೂವತ್ತೆಂಟು. ಇನ್ನೊಂದು ಸಂಪಾದಕರಿಗೆ. ಹದಿನೆಂಟನೆಯ ಪತ್ರ. ಅದರಲ್ಲಿ ಮೇಸ್ತ್ರಿಯ ಹೆಸರಿದೆ, ಅವನ ಕೆಲಸ ಹನ್ನೊಂದು ವರ್ಷದ ಮೇಲೂ ಕೂದಲಷ್ಟೂ ಸೀಳಿಲ್ಲ ಎಂದಿದೆ, ಗುಜರಿ ಸಾಲಿನವರಲ್ಲಿ ಕೇಳಿದ ಕ್ಷಮೆ ಇದೆ, ಕೆಳಗೆ ನನ್ನ ಪೂರ್ತಿ ಸಹಿ ಇದೆ. ಬೇಡ ಎಂದು ನೀವು ತಡೆಯಲಾರಿರಿ. ಎರಡೂ ಬೆಳಿಗ್ಗೆಯೇ ಅಂಚೆಗೆ ಬಿದ್ದಿವೆ. ಡಾಕ್ಟರು ಈಗಿಲ್ಲ. ಓದುಗರ ಸಂಘದವರು ವ್ಯಾನಿನ ಬೀಗದಕೈ ವಾಪಸು ಕೇಳಬಹುದು, ಕೊಡುತ್ತೇನೆ.

ಜೋಡಿಯನ್ನು ಮನೆಗೆ ತಂದಿದ್ದೇನೆ. ಅಳಿಲಿನ ಮಂಚದ ಕೆಳಗಿದೆ. ಗಡಿಯಾರ ದಿನಾ ಬಂದು, "ಹಾಕ್ಸೋಣ ಅಮ್ಮಾ, ಇದಕ್ಕಿಂತ ಒಳ್ಳೇದು ಸಿಗಲ್ಲ" ಎನ್ನುತ್ತಾನೆ. ಬೇರೆ ಯಾರ ಕೈಯಲ್ಲೂ ಹಾಕಿಸಲಾರೆ. ಜ್ಯಾಕಿನ ಮೇಲೆ ಗಾಡಿ ನಿಂತಿರುವಾಗ ಬೋಲ್ಟು ಪೂರ್ತಿ ಬಿಗಿಯಬಾರದು, ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೇ ಕೊನೆಯ ಬಿಗಿ ಎಂದು ನೀವು ಹೇಳುತ್ತಿದ್ದಿರಿ. ಈಗಿನವರು ಅಷ್ಟು ಕಾಯುವುದಿಲ್ಲ. ನೀವು ಬಂದು ಹಾಕಿಕೊಟ್ಟರೆ ಆ ಮಕ್ಕಳು ಕೂತ ಗಾಡಿ ನೆಟ್ಟಗೆ ಓಡುತ್ತದೆ. ನನ್ನ ಜೊತೆ ಮಾತಾಡಬೇಕಾಗಿಲ್ಲ. ನಾನು ಒಳಗೇ ಇರುತ್ತೇನೆ. ನೀವು ಇಳಿಸಿ ಎಂದದ್ದನ್ನು ಇಳಿಸುತ್ತೇನೆ.

ಬರಲಾಗದಿದ್ದರೆ ಒಂದು ಸಾಲು ಬರೆಯಿರಿ. ಬೈಗುಳವಾದರೂ ಸರಿ. ಹನ್ನೊಂದು ವರ್ಷದ ಬಾಕಿ ಅದು.

ಇತಿ,
ಅಳಿಲಿನ ಅಮ್ಮ

ಮರೆತ ಮಾತು:

ಸಂಜೆ ಆರು ಗಂಟೆ. ಲಕೋಟೆ ಅಂಟಿಸುವ ಹೊತ್ತಿಗೆ ತಕ್ಕಡಿಯಣ್ಣ ಬಂದ, ಒಂದು ಕಣ್ಣಿಗೆ ಪಟ್ಟಿ, ಹೆಂಡತಿಯ ಭುಜದ ಮೇಲೆ ಕೈ. ಮೆಟ್ಟಿಲ ಕೆಳಗೇ ನಿಂತು, "ವಾಪಸ್ ಕೊಟ್ಬಿಡಿ ಅಮ್ಮಾ. ಇವಳಿಗೆ ಗೊತ್ತಿರ್ಲಿಲ್ಲ. ಗಾಡಿಯಿಂದ ಬಿಚ್ಚಿ ತಂದಿಟ್ಟಾಗಲೇ ಮೇಸ್ತ್ರಿ, 'ಯಾರಿಗೆ ತೋರಿಸಿದ್ರೂ ನನ್ನ ಹೆಂಡ್ತಿಗೆ ಮಾತ್ರ ತೋರಿಸಬೇಡ' ಅಂತ ನನ್ನ ಕೈಲಿ ಮಾತು ತಗೊಂಡಿದ್ರು" ಎಂದ. ಕರಗಿಸಿಬಿಡಬಹುದಿತ್ತಲ್ಲ ಎಂದೆ. "ಅದನ್ನೂ ಕೇಳ್ದೆ. ಮಗಳ ಚುಕ್ಕಿ ಇದೆ ಕಣೋ ಅಂದ್ರು."

ಎಣ್ಣೆ ಸವರುತ್ತಿದ್ದದ್ದು ಅವನಲ್ಲ. ವರ್ಷಕ್ಕೊಮ್ಮೆ, ಅವಳು ಹುಟ್ಟಿದ ದಿನ, ನೀವು ಬಸ್ಸಿನಲ್ಲಿ ಬಂದು, ಅವನ ಗೋಡೌನಿನಲ್ಲಿ ಗೋಣಿ ಬಿಚ್ಚಿ, ಎಣ್ಣೆ ಸವರಿ, ಮತ್ತೆ ಸುತ್ತಿಟ್ಟು ಸಂಜೆಯ ಬಸ್ಸಿಗೆ ಹೋಗುತ್ತಿದ್ದಿರಂತೆ. ನಮ್ಮ ಮನೆಯಿಂದ ಅಲ್ಲಿಗೆ ಹದಿನೈದು ನಿಮಿಷದ ನಡಿಗೆ. "ಈ ವರ್ಷ ಮಾತ್ರ ಬರ್ಲಿಲ್ಲಮ್ಮಾ. ಯಾಕೋ ಏನೋ" ಎಂದ. ಆಗ ನಿಮ್ಮ ತಂಗಿಯ ಮಾತು ಅರ್ಥವಾಯಿತು. ಮತ್ತೆ ಫೋನ್ ಮಾಡಿದೆ. ಈ ಸಲ ಅವಳು ಎಲ್ಲ ಹೇಳಿದಳು, ಆಸ್ಪತ್ರೆಯ ಹೆಸರು, ಮಂಚದ ನಂಬರು, ನೀವು ಯಾರಿಗೂ ಹೇಳಬೇಡ ಎಂದದ್ದು, ಕಣ್ಣು ಮಂಜಾಗಿರುವುದು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಬೆಳಗಿನ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ಓದಿ ಹೇಳುತ್ತೇನೆ. ಸ್ಪ್ರಿಂಗು ಹೊತ್ತು ತರಲಾರೆ. ಅದಕ್ಕೇ ಕ್ಲಿಪ್ಪಿನ ಮೇಲೆ ಕಾಗದವಿಟ್ಟು, ಕಿಟಕಿಯ ಸಂದಿನಲ್ಲಿ ಸಿಕ್ಕ ಅವಳದೇ ಪೆನ್ಸಿಲ್ ತುಂಡಿನಿಂದ ಒತ್ತಿ ಒತ್ತಿ ತಿಕ್ಕಿದ್ದೇನೆ. ಎಂಟು ಸಾಲಾಗಿ ಮೂಡಿವೆ, ಒಂಬತ್ತನೆಯದು ಜಾರಿದೆ. ಅಲ್ಲಿ ಕಾಗದ ಒಂದಿಷ್ಟು ತಗ್ಗಾಗಿದೆ. ಬೆರಳಿಗೆ ಸಿಗುತ್ತದೆ, ನಾನು ಕಣ್ಣು ಮುಚ್ಚಿ ನೋಡಿದ್ದೇನೆ. ನಾನು ಬರುವವರೆಗೆ ಇರಿ.